ಇನ್ನೂ ಸ್ವಲ್ಪ ನುಣ್ಣಗೆ

ಜನವರಿ 9

ಚುಕ್ಕಿ,

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀನು ಬೆಟ್ಟದ ತುದಿಯಲ್ಲಿ ಎಷ್ಟು ಚೆನ್ನಾಗಿದ್ದೀಯ ಎಂಬುದನ್ನು ಅಲ್ಲಿನ ಗಾಳಿಯ ಪ್ರಮಾಣಕ್ಕೆ ಹೊಂದಿಸಿಕೊಂಡು ಬರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ನಿನ್ನ ಅತ್ತಿಗೆ ಎರಡು ದಿನ ಪೇಚಾಡಿದಳು. "ಅವಳು ಹೋಗಿರೋದೇ ಗಾಳಿ ಇಲ್ಲದ ಜಾಗದ ಅಧ್ಯಯನಕ್ಕೆ. ಸ್ವಲ್ಪ ರೂಢಿ ಆಗ್ಲಿ ಬಿಡು" ಅಂದೆ. "ನಿಮ್ಮ ಮಾತಿಗೆ ಮಾತ್ರ ಯಾವತ್ತೂ ಗಾಳಿ ಕಮ್ಮಿ ಆಗ್ಲಿಲ್ಲ" ಅಂದಳು.

ಈಗ ಕೆಲಸದ ಮಾತು. ನಿಮ್ಮ ವೀಕ್ಷಣಾಲಯದ ಮುಖ್ಯಸ್ಥರು, ಅಂದರೆ ನೀನು ‘ನೋಡೋಣ ಸಾಹೇಬರು’ ಎಂದು ನಾಮಕರಣ ಮಾಡಿರುವ ಮಹನೀಯರು, ನಮ್ಮ ಕಾಲೇಜಿಗೆ ಬರೆದ ಪತ್ರ ಪ್ರಾಂಶುಪಾಲರಿಂದ ಭೂವಿಜ್ಞಾನ ವಿಭಾಗಕ್ಕೆ ಇಳಿದು, ವಿಭಾಗದಿಂದ ನೆಲಮಾಳಿಗೆಗೆ ಇಳಿದು, ಅಲ್ಲಿಂದ ಕೆಳಗೆ ಇಳಿಯಲು ಜಾಗವಿಲ್ಲದೆ ನನ್ನ ಮೇಜಿನ ಮೇಲೆ ಕೂತಿದೆ. ನಮ್ಮ ಸಂಗ್ರಹದ ಕಲ್ಲುಗಳನ್ನು ಪುಡಿ ಮಾಡಿ ನಿನಗೆ ಕಳಿಸಬೇಕಂತೆ. ನೀನು ಆ ಪುಡಿಯನ್ನು ನಿನ್ನ ಕ್ಷುದ್ರಗ್ರಹದ ಜೊತೆ ಹೋಲಿಸಿ ನೋಡುತ್ತೀಯಂತೆ. ಸೂರ್ಯನನ್ನು ಸುತ್ತುತ್ತಿರುವ ಒಂದು ಬಡಪಾಯಿ ಬಂಡೆಗೆ ಕ್ಷುದ್ರ ಎಂದು ಹೆಸರಿಟ್ಟವರ ಬುದ್ಧಿ ಎಷ್ಟು ದೊಡ್ಡದಿತ್ತೋ. ಅದು ನಿನ್ನ ಗ್ರಹಚಾರ ಆಗದಿದ್ದರೆ ಸಾಕು.

ಹಾಗಾಗಿ ಅಣ್ಣ ನೆಲದ ಕೆಳಗೆ, ತಂಗಿ ಬೆಟ್ಟದ ಮೇಲೆ, ನಡುವೆ ವಾರಕ್ಕೊಮ್ಮೆ ನಿಮ್ಮ ಸಾಮಾನಿನ ಲಾರಿ. ಭೂವಿಜ್ಞಾನವನ್ನು ಅರೆದು ಕುಡಿದವರೆಲ್ಲ ಮೇಲಿನ ಮಹಡಿಯಲ್ಲಿದ್ದಾರೆ. ಇಷ್ಟು ವರ್ಷ ನನ್ನ ಪಾಲಿಗೆ ಬಂದದ್ದು ಅರೆಯುವುದಷ್ಟೇ. ಈ ಸಲ ಅರೆದದ್ದು ಆಕಾಶದ ಲೆಕ್ಕಕ್ಕೆ ಹೋಗುತ್ತದೆ ಎಂದು ಕೇಳಿ, ಸುಳ್ಳೇಕೆ ಹೇಳಲಿ, ಮೀಸೆ ತಿರುವಿಕೊಂಡೆ.

ಈ ಲಾರಿಯಲ್ಲಿ ಎರಡು ಸೀಸೆ ಬರುತ್ತಿವೆ. ಬಿಳಿಯದು ಬೆಣಚುಕಲ್ಲು, ನಿನ್ನ ಉಪಕರಣದ ಅಳತೆ ಸರಿಮಾಡಿಕೊಳ್ಳಲು. ಕಪ್ಪನೆಯದು ನಿನ್ನ ಬಂಡೆಯ ದೂರದ ಸಂಬಂಧಿ. ಮುರಿಯದೆ ತಲುಪಿದರೆ ತಿಳಿಸು.

ನಿನ್ನ ಪಾತಾಳವಾಸಿ
ಅಣ್ಣ

*

ಜನವರಿ 30

ಅಣ್ಣಾ,

ಸೀಸೆಗಳು ಕ್ಷೇಮ. ನಾನೂ ಕ್ಷೇಮ, ಮೆಟ್ಟಿಲಿನ ಹತ್ತಿರ ಮಾತ್ರ ಮರ್ಯಾದೆಯಿಂದ ನಡೆದುಕೊಳ್ಳುತ್ತೇನೆ.

ಅಲ್ಲಿಗೆ ಹೋಗದೆ, ಮುಟ್ಟದೆ, ಒಂದು ಚೂರೂ ತರದೆ ಅದು ಯಾವ ಕಲ್ಲು ಅಂತ ಹೇಗೆ ಹೇಳ್ತಾಳೆ ಎಂದು ಅತ್ತಿಗೆ ಕೇಳಿದರು ಅಂತ ಫೋನಿನಲ್ಲಿ ಹೇಳಿದೆಯಲ್ಲ. ಇದನ್ನು ಅವರಿಗೆ ಓದಿ ಹೇಳು, ನಡುವೆ ನಿನ್ನ ಒಗ್ಗರಣೆ ಬೇಡ. ಬಿಸಿಲು ಆ ಬಂಡೆಯ ಮೇಲೆ ಬೀಳುತ್ತದೆ, ಸ್ವಲ್ಪ ಪುಟಿದು ನಮ್ಮ ಕಡೆ ಬರುತ್ತದೆ. ಬಂದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಗೆರೆ ಎಳೆದರೆ ಅಲ್ಲಲ್ಲಿ ತಗ್ಗು ಕಾಣುತ್ತದೆ. ಒಂದೊಂದು ಕಲ್ಲೂ ತನಗೆ ಬೇಕಾದ ಬಣ್ಣವನ್ನು ನುಂಗಿಕೊಂಡು ಮಿಕ್ಕಿದ್ದನ್ನು ಬಿಡುತ್ತದೆ. ಹಾಗಾಗಿ ನಮ್ಮದು ಬಂದ ಬೆಳಕಿಗಿಂತ ಬಾರದ ಬೆಳಕನ್ನು ಓದುವ ಕೆಲಸ. ಕೆಂಪಿನಾಚೆ, ಕಣ್ಣಿಗೆ ಕಾಣದ ಕಡೆ ಒಂದು ಜಾಗವಿದೆ. ಅಲ್ಲಿ ತಗ್ಗಿದ್ದರೆ ಕಲ್ಲಿನೊಳಗೆ ನೀರು ಸೇರಿಕೊಂಡಿದೆ ಎಂದರ್ಥ. ನಮ್ಮ ಬಂಡೆಗೆ ಅಲ್ಲೊಂದು ತಗ್ಗಿದೆ ಎಂದು ನಾನು. ಅದು ಉಪಕರಣದ ಚೇಷ್ಟೆ ಇರಬಹುದು, ನೋಡೋಣ ಎಂದು ಸಾಹೇಬರು.

ಗಾಳಿಯಿಲ್ಲದ ಕಡೆ ಚಿಕ್ಕ ಕಲ್ಲುಗಳ ಏಟಿಗೆ ಅಡ್ಡಬರುವವರು ಯಾರೂ ಇಲ್ಲ. ಕೋಟ್ಯಂತರ ವರ್ಷ ಏಟು ತಿಂದು ತಿಂದು ನೆಲವೆಲ್ಲ ಧೂಳಾಗಿದೆ. ಗಟ್ಟಿ ಕಲ್ಲಿನಿಂದ ಬರುವ ಬೆಳಕೇ ಬೇರೆ, ಅದೇ ಕಲ್ಲಿನ ಧೂಳಿನಿಂದ ಬರುವ ಬೆಳಕೇ ಬೇರೆ. ಆದ್ದರಿಂದ ನಿನ್ನ ಪುಡಿಯನ್ನು ಉಕ್ಕಿನ ಪಾತ್ರೆಯಲ್ಲಿಟ್ಟು, ಪಂಪು ಹಚ್ಚಿ ಗಾಳಿಯನ್ನೆಲ್ಲ ಹೊರಗೆಳೆದು, ಕಾಯಿಸಿ, ಬೆಳಕು ಬಿಟ್ಟು ನೋಡುತ್ತೇನೆ. ಎರಡು ಗೆರೆಗಳು ಕೂಡಿ ಬಂದರೆ ಗೆದ್ದ ಹಾಗೆ.

ಈಗ ದೂರು. ನೀನು ನೀರು ಹಾಕಿ ಅರೆದಿದ್ದೀಯ. ಬೆಣಚುಕಲ್ಲಿನಲ್ಲೂ ನೀರಿನ ತಗ್ಗು ಕಾಣಿಸಿಕೊಂಡಿತು, ನನ್ನ ಎದೆ ಧಸಕ್ಕೆಂದಿತು. ಆಮೇಲೆ ಎಷ್ಟು ಕಾಯಿಸಿದರೂ ಕಣಗಳ ಮೈಗೆ ಅಂಟಿದ್ದು ಪೂರ್ತಿ ಬಿಡಲಿಲ್ಲ. ಒಂದು ಹನಿಯೂ ಸೋಕದ ಹಾಗೆ ಒಣದಾಗಿಯೇ ಅರೆದು ಕಳಿಸು. ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮ ಬಂಡೆ ಸೂರ್ಯನ ಹಿಂದೆ ಸರಿಯುತ್ತದೆ. ಅಷ್ಟರಲ್ಲಿ ಸಾಹೇಬರು ಒಪ್ಪುವಂಥದ್ದು ಏನಾದರೂ ತೋರಿಸದಿದ್ದರೆ ನನ್ನ ಹುದ್ದೆಯೂ ಅದರ ಹಿಂದೆಯೇ ಹೋಗುತ್ತದೆ.

ನಿನ್ನ
ಚುಕ್ಕಿ

*

ಫೆಬ್ರವರಿ 18

ಚುಕ್ಕಿ,

ಒಣದಾಗಿ ಅರೆದಾಯಿತು. ನೀರು ಹಾಕಿ ಅರೆಯುವಾಗ ಕಲ್ಲು ಸಾಧು ಪ್ರಾಣಿಯಂತೆ ಕೆಸರಾಗಿ ತಳದಲ್ಲಿ ಕೂರುತ್ತಿತ್ತು. ಒಣದಾಗಿ ಅರೆದರೆ ಅದಕ್ಕೆ ರೆಕ್ಕೆ ಬರುತ್ತದೆ. ಯಂತ್ರದ ಮುಚ್ಚಳ ತೆಗೆದರೆ ಸಾಕು, ಬೆಳ್ಳಗೆ ಎದ್ದು ಕೋಣೆಯೆಲ್ಲ ತಿರುಗಿ, ಮೇಜು, ಜರಡಿ, ನನ್ನ ಹುಬ್ಬು, ಯಾವುದಕ್ಕೂ ಭೇದ ಮಾಡದೆ ಕೂರುತ್ತದೆ. ಸಂಜೆ ಮನೆ ಬಾಗಿಲಲ್ಲಿ ನಿನ್ನ ಅತ್ತಿಗೆ, "ಅಲ್ಲೇ ನಿಂತ್ಕೊಳ್ಳಿ, ಮೊದ್ಲು ಕೊಡವಿಕೊಳ್ಳಿ. ಯಾರಿಗೆ ಹೀಗೆ ಪೌಡರ್ ಬಳ್ಕೊಂಡು ತಿರುಗ್ತಿದ್ದೀರೋ" ಅಂದಳು. ಈ ವಯಸ್ಸಿನಲ್ಲಿ ಅನುಮಾನಕ್ಕೆ ಪಾತ್ರನಾಗುವುದು ಸಣ್ಣ ಗೌರವವಲ್ಲ.

ಇನ್ನು ಮುಂದೆ ನನ್ನ ಬಗ್ಗೆ ಯಾರಾದರೂ ಕೇಳಿದರೆ ಪುಡಿ ರೌಡಿ ಎಂದು ಧೈರ್ಯವಾಗಿ ಹೇಳು.

ಇನ್ನೊಂದು ಸಂಗತಿ. ಮೇಲಿನ ಮಹಡಿಯ ಪ್ರೊಫೆಸರು ಮೊನ್ನೆ ಮೊದಲ ಬಾರಿಗೆ ನೆಲಮಾಳಿಗೆಗೆ ಇಳಿದು ಬಂದು, "ಏನ್ರೀ, ಆಕಾಶಕ್ಕೆ ಸಾಮಾನು ಸಪ್ಲೈ ಮಾಡ್ತಿದ್ದೀರಂತೆ" ಎಂದರು. ಬಾಗಿಲಲ್ಲೇ ನಿಂತು ಮಾತಾಡಿ, ಎರಡು ಸಲ ಸೀನಿ ಹೋದರು. ಅವರು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದರೆ ಚೆನ್ನಾಗಿತ್ತು ಎಂದುಕೊಂಡೆ.

ಪುಡಿಗೂ ನಿನಗೂ ಶುಭವಾಗಲಿ.

ಅಣ್ಣ

*

ಮಾರ್ಚ್ 10

ಅಣ್ಣಾ,

ಒಣ ಪುಡಿ ಬಂತು. ನೀರಿನ ಸುಳಿವಿಲ್ಲ, ನಿನಗೆ ನೂರಕ್ಕೆ ನೂರು.

ಆದರೆ ಇನ್ನೂ ಸ್ವಲ್ಪ ನುಣ್ಣಗೆ ಬೇಕು. ಸೂಕ್ಷ್ಮದರ್ಶಕದಲ್ಲಿ ನೋಡಿದೆ, ತೀರಾ ಸಣ್ಣ ಕಣಗಳೇ ಇಲ್ಲ. ಇದು ಸಕ್ಕರೆ ಪುಡಿ, ನನಗೆ ಬೇಕಾದದ್ದು ಮುಖದ ಪೌಡರು. ಬಂಡೆಯ ಮೇಲಿರುವುದೆಲ್ಲ ಅತಿ ನುಣ್ಣನೆಯ ಧೂಳು. ಅದಿಲ್ಲದೆ ಹೋಲಿಸಿದರೆ ಗೆರೆಗಳು ಬೇಕೆಂದೇ ಜಗಳ ಆಡಿದ ಹಾಗೆ ದೂರ ದೂರ ನಿಲ್ಲುತ್ತವೆ. ನಿನ್ನ ಯಂತ್ರ ಅಷ್ಟು ಸಣ್ಣದಾಗಿ ಅರೆಯುತ್ತದೆ ಎಂದು ನನಗೆ ಗೊತ್ತು. ಹಾಗಾದರೆ ಅರೆದದ್ದು ಎಲ್ಲಿಗೆ ಹೋಗುತ್ತಿದೆ? ಪತ್ತೆ ಮಾಡು.

ಸಾಹೇಬರು ನಿನ್ನೆ ಗೆರೆ ನೋಡಿದರು. ಏನೆಂದರು ಅಂತ ಬರೆಯಬೇಕಿಲ್ಲ.

ಚುಕ್ಕಿ

*

ಏಪ್ರಿಲ್ 2

ಚುಕ್ಕಿ,

ಕಳ್ಳ ಸಿಕ್ಕಿಬಿದ್ದ. ಗೋಡೆಯ ಎಕ್ಸಾಸ್ಟ್ ಫ್ಯಾನು.

ನಾನು ಇಲ್ಲಿ ಬೆವರು ಸುರಿಸಿ ಅರೆಯುವುದು, ಅವನು ಅಲ್ಲಿ ಗೋಡೆಯಲ್ಲಿ ಕೂತು ನುಣ್ಣಗಿರುವುದನ್ನೆಲ್ಲ ಆರಿಸಿ ಹಿತ್ತಲಿಗೆ ಉಗಿಯುವುದು. ಹೊರಗೆ ಹೋಗಿ ನೋಡಿದರೆ ಅವನ ಬಾಯಿಯ ಕೆಳಗಿನ ಗೋಡೆ ಬೆಳ್ಳಗಿದೆ. ನಿನ್ನ ಮುಖದ ಪೌಡರೆಲ್ಲ ಅಲ್ಲಿತ್ತು. ತಕ್ಷಣ ಅವನಿಗೆ ಕಡ್ಡಾಯ ರಜೆ ಕೊಟ್ಟೆ. ಕಿಟಕಿಯ ಸಂದಿಗೂ ಕಾಗದ ಅಂಟಿಸಿದೆ. ಈಗ ಎದ್ದ ಧೂಳು ನಿಧಾನವಾಗಿ ಇಳಿದು, ನಾನು ಹರಡಿದ ಗಾಜಿನ ಹಲಗೆಗಳ ಮೇಲೆ ಕೂರುತ್ತದೆ. ಗರಿಯಿಂದ ಗುಡಿಸಿ ಸೀಸೆಗೆ ತುಂಬಿಸುತ್ತೇನೆ. ಕೆನೆ ತೆಗೆದ ಹಾಗೆ.

ಮುಖಕ್ಕೆ ಕಟ್ಟುವ ಮಾಸ್ಕು ಬಿಟ್ಟಿದ್ದೇನೆ. ಅದು ಉಸಿರನ್ನು ಗಲ್ಲದ ಕೆಳಗೆ ತಿರುಗಿಸುತ್ತದೆ, ಆ ತೇವ ನೇರವಾಗಿ ಹಲಗೆಗೆ ಹೋಗುತ್ತದೆ. ನಿನಗೆ ಮತ್ತೆ ಎದೆ ಧಸಕ್ಕೆನ್ನುವುದು ಬೇಡ. ಕನ್ನಡಕವೂ ಮಂಜಾಗುತ್ತಿತ್ತು. ಈಗ ಗುಡಿಸುವಷ್ಟು ಹೊತ್ತು ಉಸಿರು ಬಿಗಿಹಿಡಿದು, ಮುಖ ಆಚೆ ತಿರುಗಿಸಿ, ಒಂದೇ ಸಲ ದೊಡ್ಡದಾಗಿ ಎಳೆದುಕೊಂಡು ಮತ್ತೆ ಗುಡಿಸುವುದು. ಯೋಗಾಸನಕ್ಕೆ ಬೇರೆ ಹೋಗಬೇಕಿಲ್ಲ.

ನೀನು ಅಲ್ಲಿ ಆಕಾಶದ ಕಾಯ ಕಾಯುತ್ತ ಕೂತಿದ್ದೀಯ. ನಾನು ಇಲ್ಲಿ ಧೂಳು ಕಾಯುತ್ತ ಕೂತಿದ್ದೇನೆ. ಇಳಿಯಲು ತುಂಬ ಹೊತ್ತು ಹಿಡಿಯುತ್ತದೆ. ನುಣ್ಣಗಿದ್ದಷ್ಟೂ ಅದಕ್ಕೆ ಆತುರವಿಲ್ಲ.

ಒಂದು ಸಣ್ಣ ನೆಗಡಿ ಬಂದು ಕೂತಿದೆ, ಅದರಿಂದ ಅಕ್ಷರ ಅಲ್ಲಲ್ಲಿ ಕುಣಿದಿದೆ. ಕ್ಷಮಿಸು.

ಅಣ್ಣ

*

ಏಪ್ರಿಲ್ 21

ಅಣ್ಣಾ,

ಏನು ಪುಡಿ ಅದು. ಸೀಸೆ ಅಲುಗಿಸಿದರೆ ನೀರಿನ ಹಾಗೆ ಹರಿಯುತ್ತದೆ. ಪಾತ್ರೆಯಲ್ಲಿಟ್ಟು ಗಾಳಿ ತೆಗೆದೆ, ಕಾಯಿಸಿದೆ, ಗೆರೆ ಬಂತು. ಮೊದಲ ಸಲ ಎರಡು ಗೆರೆಗಳೂ ಒಂದರ ಪಕ್ಕ ಒಂದು ನಿಂತಿವೆ. ಕೈ ಹಿಡಿದಿಲ್ಲ, ಆದರೆ ಮುಖ ನೋಡುತ್ತಿವೆ. ಫ್ಯಾನಿಗೆ ರಜೆ ಕೊಟ್ಟದ್ದನ್ನು ಓದಿ ಇಲ್ಲಿನ ಅಡುಗೆಮನೆಯಲ್ಲಿ ಎಲ್ಲರಿಗೂ ಹೇಳಿದೆ, ಬಿದ್ದು ಬಿದ್ದು ನಕ್ಕರು. ಸಾಹೇಬರು ನಗಲಿಲ್ಲ, ಆದರೆ ಎರಡು ಸಲ ನೋಡಿ, "ಇದನ್ನ ಮಾಡ್ದೋರು ಯಾರು?" ಎಂದು ಕೇಳಿದರು. "ನಮ್ಮಣ್ಣ" ಅಂದೆ. ಹೇಳುವಾಗ ಸ್ವಲ್ಪ ಎತ್ತರವಾದೆ.

ವಿಧಾನ ಯಾವುದನ್ನೂ ಬದಲಾಯಿಸಬೇಡ. ಹೀಗೆಯೇ ಕಪ್ಪು ಕಲ್ಲು ಎರಡು ಸೀಸೆ, ಬೆಣಚುಕಲ್ಲು ಮೂರು. ಬೇಗ.

ಭಾನುವಾರಗಳಲ್ಲಿ ಅಡುಗೆಮನೆಯ ಫೋನಿನಿಂದ ಮಾಡಿದಾಗೆಲ್ಲ ಅತ್ತಿಗೆಯೇ ಎತ್ತುತ್ತಾರೆ. ನೀನು ಸ್ನಾನದಲ್ಲಿರುತ್ತೀಯಂತೆ. ಕಲ್ಲಿನ ಕೆಲಸದವನಿಗೆ ಅಷ್ಟು ಸ್ನಾನ ಬೇಕೇನೋ. ಆದರೂ ಮುಂದಿನ ವಾರ ಒಂದು ಮಾತು ಆಡು.

ಚುಕ್ಕಿ

*

ಮೇ 16

ಚುಕ್ಕಿ,

ಐದು ಸೀಸೆ ಕಳಿಸಿದ್ದೇನೆ. ಚೆನ್ನಾಗಿ ಬಂದಿದೆ.

ಫೋನು ನನಗೆ ಸೇರದು. ಅದರಲ್ಲಿ ಹಾಸ್ಯ ಹಳಸುತ್ತದೆ. ಪತ್ರವೇ ವಾಸಿ.

ಕಾಲೇಜಿನವರು ನೆಲಮಾಳಿಗೆಗೆ ಹೊಸ ಮೆಟ್ಟಿಲು ಸೇರಿಸಿದ್ದಾರೆ. ಯಾರೂ ಒಪ್ಪುವುದಿಲ್ಲ. ಆದರೆ ನನ್ನ ಕಾಲಿಗೆ ಗೊತ್ತು. ನಡುವೆ ಒಂದು ಕುರ್ಚಿ ಹಾಕಿಸಿದ್ದೇನೆ. ಅದರಲ್ಲಿ ಕೂತರೆ ಎಲ್ಲರೂ ಮಾತಾಡಿಸಿ ಹೋಗುತ್ತಾರೆ. ಬಡ್ತಿ ಸಿಕ್ಕ ಹಾಗಿದೆ.

ಗೆರೆಗಳು ಕೈ ಹಿಡಿದವಾ? ಬರೆ.

ಅಣ್ಣ

*

ಜೂನ್ 3

ಅಣ್ಣಾ,

ಕೈ ಹಿಡಿದವು. ನೀರಿನ ಜಾಗದ ತಗ್ಗು ಕಪ್ಪು ಕಲ್ಲಿನಲ್ಲಿ ಎಲ್ಲಿದೆಯೋ ಬಂಡೆಯಲ್ಲೂ ಅಲ್ಲೇ ಇದೆ. ನಿನ್ನ ಬೆಣಚುಕಲ್ಲಿನಲ್ಲಿ ಅಲ್ಲಿ ಏನೂ ಇಲ್ಲ, ಹಾಗಾಗಿ ಉಪಕರಣದ ಚೇಷ್ಟೆಯೂ ಅಲ್ಲ. ಗಾಳಿಯೇ ಇಲ್ಲದ ಒಂದು ಬಂಡೆ ತನ್ನೊಳಗೆ ನೀರು ಬಚ್ಚಿಟ್ಟುಕೊಂಡಿದೆ ಎಂದು ಈ ಜಗತ್ತಿನಲ್ಲಿ ಸದ್ಯ ಮೂರು ಜನಕ್ಕೆ ಗೊತ್ತು. ಒಬ್ಬ ನೀನು.

ನಿನಗೆ ಇದನ್ನು ಹೇಳುವ ಸಡಗರದಲ್ಲಿ ಹಳೆಯ ಪತ್ರಗಳನ್ನು ಮತ್ತೆ ತೆಗೆದೆ. ಜನವರಿಯದರಲ್ಲಿ ನಿನ್ನ ಒಂದು ವಾಕ್ಯ ಪ್ರಾಂಶುಪಾಲರಿಂದ ಹೊರಟು ನೆಲಮಾಳಿಗೆಗೆ ಬಂದು ನಿಲ್ಲುವವರೆಗೆ ಉಸಿರೇ ತೆಗೆದುಕೊಳ್ಳುವುದಿಲ್ಲ. ಮೇ ತಿಂಗಳದರಲ್ಲಿ ಎಲ್ಲ ಮೂರು ಪದ, ನಾಲ್ಕು ಪದ. ಬರೆಯುತ್ತ ಬರೆಯುತ್ತ ಪೆನ್ನು ಎತ್ತಿದ ಗುರುತು. ನೆಗಡಿ ಅಂದೆ, ಅದು ಹೋಯಿತು ಅಂತ ಎಲ್ಲೂ ಬರೆದಿಲ್ಲ. ಮೆಟ್ಟಿಲಿನ ನಡುವೆ ಕುರ್ಚಿ ಯಾಕೆ? ಫೋನಿನಲ್ಲಿ ನಿನ್ನ ದನಿ ಕೇಳಿ ಮೂರು ತಿಂಗಳಾಯಿತು.

ಫ್ಯಾನು ಈಗ ಓಡುತ್ತಿದೆ ತಾನೇ?

ಹಾಸ್ಯ ಬೇಡ. ಹೌದು ಇಲ್ಲ ಅಂತ ಬರೆ.

ಚುಕ್ಕಿ

*

ಜೂನ್ 14

ಚುಕ್ಕಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಪತ್ರ ಇವರಿಗೆ ಬಂದದ್ದು. ಓದಿ ಮಡಚಿ ಜೇಬಲ್ಲಿಟ್ಟುಕೊಂಡರು. ಬಟ್ಟೆ ಒಗೆಯುವಾಗ ನನಗೆ ಸಿಕ್ಕಿತು. ಇವರು ಉತ್ತರ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ನನಗೆ ನಿಮ್ಮಿಬ್ಬರ ಹಾಗೆ ಸುತ್ತಿಬಳಸಿ ಬರೆಯಲು ಬರುವುದಿಲ್ಲ.

ನಿಮ್ಮಣ್ಣನಿಗೆ ಮಾತಿನ ನಡುವೆ ಉಸಿರು ಸಾಲುತ್ತಿಲ್ಲ. ಮಾರ್ಚಿನಿಂದ ಕೆಮ್ಮು. ಸ್ನಾನದಲ್ಲಿದ್ದಾರೆ ಅಂತ ನಾನು ನಿನಗೆ ಹೇಳಿದಾಗೆಲ್ಲ ಇವರು ನನ್ನ ಎದುರೇ ಕೂತು ಕೈಯಾಡಿಸುತ್ತಿದ್ದರು, ಕೇಳಿಸಬಾರದು ಅಂತ ಬಾಯಿಗೆ ಟವೆಲ್ ಒತ್ತಿಕೊಂಡು. ನಾನೂ ಸೇರಿಕೊಂಡೆ. ತಂಗಿಗೆ ಕೆಲಸ ಗಟ್ಟಿಯಾಗಲಿ, ಆಮೇಲೆ ತೋರಿಸ್ಕೋತೀನಿ ಅಂದರು.

ಮಂಗಳವಾರ ಮೆಟ್ಟಿಲ ಮೇಲೆ ಕೂತವರು ಏಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಎಕ್ಸ್-ರೇ ದೀಪದ ಮುಂದೆ ಹಿಡಿದು, "ಇವ್ರು ಯಾವ ಕ್ವಾರಿಯಲ್ಲಿ ಕೆಲ್ಸ ಮಾಡೋದು?" ಅಂತ ಕೇಳಿದರು. "ಕಾಲೇಜಲ್ಲಿ" ಅಂದೆ. ನಂಬಲಿಲ್ಲ. ಎದೆಯ ತುಂಬ ಬಿಳಿ ಬಿಳಿ ಚುಕ್ಕೆ. ಕಲ್ಲಿನ ಧೂಳಂತೆ. ಕಣ್ಣಿಗೆ ಕಾಣುವಂಥದ್ದು ಮೂಗಿನಲ್ಲೇ ನಿಲ್ಲುತ್ತದಂತೆ, ತೀರಾ ನುಣ್ಣಗಿರುವುದೇ ತಳದವರೆಗೆ ಹೋಗಿ ಕೂರುವುದಂತೆ. ಕೂತದ್ದು ಹೊರಗೆ ಬರುವುದಿಲ್ಲ. ಹಳೆಯದು ಇಷ್ಟಿತ್ತು, ಈ ಕೆಲವು ತಿಂಗಳಲ್ಲಿ ಇಷ್ಟಾಗಿದೆ ಅಂತ ಬೆರಳಲ್ಲಿ ತೋರಿಸಿದರು. ಔಷಧಿ ಏನು ಅಂದೆ. ಇನ್ನು ಒಂದು ದಿನವೂ ಆ ಕೋಣೆಗೆ ಹೋಗದಿರುವುದೇ ಔಷಧಿ, ಇನ್ನೂ ಹೋದರೆ ನನ್ನ ಹತ್ತಿರ ಕರ್ಕೊಂಡು ಬರೋದು ಬೇಡ ಅಂದರು.

ನೀನು ಬೇಕೆಂದು ಮಾಡಿದ್ದಲ್ಲ ಅಂತ ನನಗೆ ಗೊತ್ತು. ಗೊತ್ತಿದ್ದೂ ನಿನ್ನ ಮೇಲೆ ಸಿಟ್ಟು ಬರುತ್ತದೆ. ಫ್ಯಾನು ಬಂದ್ ಮಾಡಿದ್ದನ್ನು ಇವರು ನಿನಗೆ ಬರೆದಿದ್ದರಂತೆ. ನೀನು ನಕ್ಕೆಯಂತೆ.

ಇವರಿಗೆ ನಾನು ಹೇಳಿದರೆ ಕೇಳುವುದಿಲ್ಲ. ನೀನು ಹೇಳು.

ಅತ್ತಿಗೆ

*

ಜೂನ್ 21

ಅಣ್ಣಾ,

ಇನ್ನು ಒಂದು ಚಿಟಿಕೆಯೂ ಬೇಡ. ನೀನು ಕಳಿಸಿದರೆ ನಾನು ತೆಗೆದುಕೊಳ್ಳುವುದಿಲ್ಲ, ಅದೇ ಲಾರಿಯಲ್ಲಿ ವಾಪಸು ಕಳಿಸುತ್ತೇನೆ.

ಕೆಲಸ ಮುಗಿದಿದೆ ಎಂದು ಸುಳ್ಳು ಬರೆಯೋಣ ಅಂದುಕೊಂಡೆ. ನಿನಗೆ ಗೊತ್ತಾಗುತ್ತದೆ. ಮುಗಿದಿಲ್ಲ. ಪ್ರಕಟಿಸುವ ಮೊದಲು ಇದೇ ಕೈಯಿಂದ, ಇದೇ ವಿಧಾನದಿಂದ ಇನ್ನೊಂದು ಸಲ ಕಪ್ಪು ಕಲ್ಲು ಅರೆಸಿ ನೋಡಬೇಕು ಎಂದು ಸಾಹೇಬರು ಹೇಳಿದರು. ಆಗುವುದಿಲ್ಲ ಎಂದೆ. ಅಣ್ಣನಿಗೆ ಹುಷಾರಿಲ್ಲ ಎಂದೆ. ನೋಡೋಣ ಎಂದರು. ನೋಡುವುದೇನೂ ಇಲ್ಲ. ಪ್ರಕಟವಾಗದಿದ್ದರೆ ಬೇಡ, ಹುದ್ದೆ ಹೋದರೆ ಹೋಗಲಿ. ಆ ಬಂಡೆಗೆ ನೀರಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ಇನ್ನೂ ಕೋಟಿ ವರ್ಷ ತಿರುಗಿಕೊಂಡಿರುತ್ತದೆ.

ಇಷ್ಟು ದೂರದ ಕಲ್ಲು ಯಾವುದು ಅಂತ ಹೇಳುವವಳಿಗೆ ನೀನು ಬರೆದದ್ದು ಓದಲು ಬರಲಿಲ್ಲ. ನೀನು ಎಲ್ಲವನ್ನೂ ಬರೆದಿದ್ದೆ, ಮಾಸ್ಕಿನ ವಿಷಯ ಕೂಡ.

ಕೋಣೆಗೆ ಬೀಗ ಹಾಕಿ ಕೀಲಿ ಪ್ರಾಂಶುಪಾಲರಿಗೆ ಕೊಡು. ಕೊಟ್ಟೆ ಎಂದು ಅತ್ತಿಗೆಯ ಕೈಯಲ್ಲಿ ಬರೆಸು.

ಚುಕ್ಕಿ

*

ಜುಲೈ 4

ಚುಕ್ಕಿ,

ಬೈಗುಳ ತಲುಪಿತು. ರುಚಿಯಾಗಿತ್ತು.

ನಾನು ರಜೆಯಲ್ಲಿದ್ದೇನೆ. ಕಿಟಕಿ ಪಕ್ಕ ಕುರ್ಚಿ. ಮೂರು ದಿಂಬು. ರಾಜನ ಹಾಗೆ.

ಡಾಕ್ಟರಮ್ಮ ನಿನ್ನ ಜಾತಿಯವಳೇ. ಮುಟ್ಟುವುದಿಲ್ಲ, ಕೊಯ್ಯುವುದಿಲ್ಲ. ಬೆಳಕು ಬಿಟ್ಟು ನೋಡಿ, ಒಳಗೆ ಯಾವ ಕಲ್ಲು ಅಂತ ಹೇಳಿಬಿಟ್ಟಳು. ಬೆಣಚು. ಸರಿಯಾಗಿಯೇ ಹೇಳಿದಳು. ಅವಳನ್ನು ಪಾಸ್ ಮಾಡಿದೆ.

ನಿನ್ನ ಅತ್ತಿಗೆ ಆಣೆ ಹಾಕಿಸಿಕೊಂಡಿದ್ದಾಳೆ. ಕಿರಿಕಿರಿ ತಾಳಲಾರದೆ ಮಾತು ಕೊಟ್ಟೆ. ಆ ಫ್ಯಾನಿನ ಸ್ವಿಚ್ಚನ್ನು ಇನ್ನು ಆರಿಸುವುದಿಲ್ಲ ಎಂದು. "ಕೋಣೆಗೇ ಹೋಗಲ್ಲ ಅಂತ ಹೇಳಿ" ಅಂದಳು. "ಅದೇ ತಾನೇ ಹೇಳಿದ್ದು" ಅಂದೆ. ಕೀಲಿ ಕೊಡಬೇಕು. ಪ್ರಾಂಶುಪಾಲರು ಊರಲ್ಲಿಲ್ಲ. ಬಂದಮೇಲೆ ಕೊಡುತ್ತೇನೆ.

ನೀನು ಹುದ್ದೆ ಗಿದ್ದೆ ಬಿಡುವ ಮಾತು ಬರೆಯಬೇಡ. ಒಂದೇ ಒಂದು ಸೀಸೆಗೆ? ನನಗೆ ನಿದ್ದೆ ಬರುವುದಿಲ್ಲ.

ಅಣ್ಣ

*

ಜುಲೈ 18

ಅತ್ತಿಗೆ,

ಬಿರುಗಾಳಿಗೆ ಬೆಟ್ಟದ ಫೋನಿನ ಕಂಬ ಬಿದ್ದಿದೆ. ಇವತ್ತು ಕೆಳಗೆ ಇಳಿಯುತ್ತಿರುವ ಎಂಜಿನಿಯರ್ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ, ತಲುಪಿದ ತಕ್ಷಣ ಅಂಚೆಗೆ ಹಾಕುತ್ತಾರೆ.

ಸಾಹೇಬರು ಅಣ್ಣನಿಗೆ ನೇರವಾಗಿ ಬರೆದುಬಿಟ್ಟಿದ್ದಾರೆ. ನನಗೆ ತಿಳಿದದ್ದು ಇವತ್ತು, ಪತ್ರ ಹೋದದ್ದು ಹೋದ ವಾರದ ಲಾರಿಯಲ್ಲಿ. "ಆತುರ ಮಾಡಿ ಅಂತ ಎಲ್ಲೂ ಬರೆದಿಲ್ಲಮ್ಮ, ಗುಣ ಆದ್ಮೇಲೆ ಅಂತಾನೇ ಬರ್ದಿದ್ದೀನಿ" ಎಂದರು. ಅವರಿಗೆ ಕಾಯಿಲೆ ಏನೆಂದು ನಾನು ಬಿಡಿಸಿ ಹೇಳಿರಲಿಲ್ಲ. ಹೇಳಿದ ಮೇಲೆ ಕೂತುಬಿಟ್ಟರು. ಆ ಪತ್ರದಲ್ಲಿ, ಪ್ರಬಂಧದ ಮೇಲೆ ನಮ್ಮ ಹೆಸರುಗಳ ಜೊತೆ ಅಣ್ಣನ ಹೆಸರನ್ನೂ ಹಾಕುತ್ತೇವೆ, ಇಷ್ಟು ನುಣ್ಣಗೆ ಇಷ್ಟು ಒಣದಾಗಿ ಅರೆಯುವವರನ್ನು ಎಲ್ಲೂ ಕಂಡಿಲ್ಲ ಎಂದೆಲ್ಲ ಬರೆದಿದ್ದಾರಂತೆ. ಅಣ್ಣನಿಗೆ ಬರೆಯಬಾರದಾಗಿದ್ದ ಮಾತು ಅದೊಂದೇ.

ಉದ್ದನೆಯ ಬಿಳಿ ಲಕೋಟೆ, ಮೇಲೆ ವೀಕ್ಷಣಾಲಯದ ಮುದ್ರೆ ಇರುತ್ತದೆ. ಅವನ ಕೈಗೆ ಸಿಗಬಾರದು. ಒಲೆಗೆ ಹಾಕಿ. ಕೀಲಿ ಅವನ ಹತ್ತಿರವೇ ಇದ್ದರೆ ಇವತ್ತೇ ಕಿತ್ತುಕೊಳ್ಳಿ. ಅವನನ್ನು ಒಬ್ಬನೇ ಬಿಟ್ಟು ಎಲ್ಲಿಗೂ ಹೋಗಬೇಡಿ. ಅವನು ಕೊಟ್ಟ ಮಾತನ್ನು ಇನ್ನೊಂದು ಸಲ ಓದಿದೆ, ಸ್ವಿಚ್ಚಿನ ವಿಷಯ ಬಿಟ್ಟು ಬೇರೇನೂ ಅದರಲ್ಲಿಲ್ಲ.

ನಾನು ಗುರುವಾರದ ಲಾರಿಯಲ್ಲಿ ಹೊರಟು ಬರುತ್ತಿದ್ದೇನೆ.

ಚುಕ್ಕಿ

*

ಜುಲೈ 21

ಚುಕ್ಕಿ,

ನಿಮ್ಮ ಸಾಹೇಬರು ಬರೆದಿದ್ದಾರೆ. ನನಗೆ. ಎರಡು ಪುಟ.

ಮೇಲಿನ ಮಹಡಿಗೆ ಹತ್ತಿ ತೋರಿಸೋಣ ಅಂದುಕೊಂಡೆ. ರಜೆ. ಯಾರೂ ಇಲ್ಲ. ಹತ್ತಲೂ ಆಗುವುದಿಲ್ಲ. ಇಳಿಯುವುದು ಸುಲಭ.

ನಿನ್ನ ಅತ್ತಿಗೆಯ ತಾಯಿ ಜಾರಿ ಬಿದ್ದಿದ್ದಾರೆ. ಮೊನ್ನೆ ಹೋದಳು. ನಾಳೆ ಬರುತ್ತಾಳೆ. ಅವಳಿಗೆ ನಿನ್ನದೊಂದು ಪತ್ರ ಬಂದಿದೆ. ಮೇಜಿನ ಮೇಲಿಟ್ಟಿದ್ದೇನೆ. ಹೆಂಡತಿಯ ಪತ್ರ ಒಡೆಯುವ ಜನ ನಾವಲ್ಲ.

ಕಟ್ಟಡಕ್ಕೆ ಹೊಸ ವೈರಿಂಗ್. ಕರೆಂಟೇ ಇಲ್ಲ. ಯಂತ್ರ ಓಡುವುದಿಲ್ಲ. ಕುಟ್ಟಾಣಿಯಲ್ಲಿ ಕೈಯಿಂದಲೇ ಅರೆಯುತ್ತಿದ್ದೇನೆ. ಸ್ವಲ್ಪ ಅರೆಯುವುದು. ಸ್ವಲ್ಪ ಕೂರುವುದು. ಬಂದ ಕೂಡಲೇ ಫ್ಯಾನಿನ ಸ್ವಿಚ್ಚು ಹಾಕಿದೆ. ಆಮೇಲೆ ಮುಟ್ಟಿಲ್ಲ. ಅವಳಿಗೆ ಹೇಳು. ಕೊಟ್ಟ ಮಾತು ಕೊಟ್ಟ ಹಾಗೇ ಇದೆ.

ಯಂತ್ರಕ್ಕಿಂತ ನುಣ್ಣಗೆ ಬರುತ್ತಿದೆ. ಬೆರಳಿಗೆ ಗೊತ್ತೇ ಆಗುವುದಿಲ್ಲ.

ಸೀಸೆ ಮುಕ್ಕಾಲಾಗಿದೆ. ಕಿಟಕಿಯ ಕಾಗದ ಕಿತ್ತು ಸ್ವಲ್ಪ ತೆಗೆಯೋಣ ಅನ್ನಿಸಿತು. ಎದ್ದು ಹೋಗಿ ಕೈ ಇಟ್ಟೆ. ಹೊರಗೆ ಗಾಳಿ ಜೋರಾಗಿದೆ. ತೆಗೆದರೆ ಎಲ್ಲ ಹಾರಿಹೋಗುತ್ತದೆ.

ಬೇಡ.

ಅಣ್ಣ